ಬಾಗಿಲು ತಟ್ಟದೆ ಒಳಬಂದ ಕಣ್ಣುಗಳು



ಕಳೆದ ಶೈಕ್ಷಣಿಕ ವರ್ಷ ನಾನು ಪಾಠ ಮಾಡುವ ಶಾಲೆಯಲ್ಲಿ ಸಿ.ಸಿ. ಕ್ಯಾಮೆರಾಗಳನ್ನು ಅಳವಡಿಸಲಾಯಿತು. ಗೇಟಿಗೆ ಒಂದು, ವರಾಂಡಕ್ಕೆ ಎರಡು, ಪ್ರತಿ ತರಗತಿಗೆ ಒಂದೊಂದು. ಪೋಷಕರಿಗೆ ಸಂತೋಷವಾಯಿತು, ನಮಗೂ ಆಯಿತು. ಎರಡು ದಿನ ಮಕ್ಕಳು ಬೆನ್ನು ನೆಟ್ಟಗೆ ಮಾಡಿ ಕೂತರು, ಮೂರನೆಯ ದಿನ ಎಲ್ಲವೂ ಮೊದಲಿನಂತಾಯಿತು. ಅದೇ ವಾರ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಉರ್ದು ಪಾಠದ ನಡುವೆ ಎದ್ದು ನಿಂತು, "ಸರ್, ಅದರಲ್ಲಿ ನಮ್ಮನ್ನ ನೋಡೋದು ಯಾರು?" ಎಂದು ಕೇಳಿದ. ಹೆಡ್‌ಮಾಸ್ಟರು ಎಂದೆ. "ಅವರೊಬ್ಬರೇನಾ?" ಎಂದ.

ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರ ಹುಡುಕುತ್ತಾ ಹೋದಾಗ ನನಗೆ ಸಿಕ್ಕಿದ್ದು ಒಂದು ಇತಿಹಾಸ. ನಾನು ಭಾಷೆ ಕಲಿಸುವವನೇ ಹೊರತು ಎಂಜಿನಿಯರ್ ಅಲ್ಲ. ಆದ್ದರಿಂದ ತಂತ್ರಜ್ಞಾನದ ಮಾತುಗಳನ್ನು ನನಗೆ ಅರ್ಥವಾದ ಮಟ್ಟಿಗೆ, ನಮ್ಮ ಮನೆಮಾತಿನಲ್ಲಿ ಹೇಳುತ್ತೇನೆ.

ಯಂತ್ರಗಳನ್ನು ಗಣಕಜಾಲಕ್ಕೆ ಜೋಡಿಸುವ ಕೆಲಸ ಬಹಳ ಸಣ್ಣ ಆಸೆಗಳಿಂದ ಆರಂಭವಾಯಿತು. 1982ರ ಸುಮಾರಿಗೆ ಅಮೆರಿಕದ ಪಿಟ್ಸ್‌ಬರ್ಗ್ ನಗರದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಕೋಕ್ ಮಾರುವ ಯಂತ್ರವೊಂದಿತ್ತು. ವಿದ್ಯಾರ್ಥಿಗಳು ಅಷ್ಟು ದೂರ ನಡೆದು ಹೋದರೆ ಒಂದೋ ಬಾಟಲಿ ಖಾಲಿಯಾಗಿರುತ್ತಿತ್ತು, ಇಲ್ಲವೇ ಈಗಷ್ಟೇ ತುಂಬಿಸಿದ್ದರಿಂದ ಬೆಚ್ಚಗಿರುತ್ತಿತ್ತು. ಬೇಸತ್ತ ಅವರು ಯಂತ್ರವನ್ನು ವಿಭಾಗದ ಗಣಕಕ್ಕೆ ತಂತಿಯಿಂದ ಜೋಡಿಸಿ, ತಣ್ಣನೆಯ ಬಾಟಲಿ ಇದೆಯೇ ಎಂದು ಕುಳಿತಲ್ಲೇ ತಿಳಿಯುವಂತೆ ಮಾಡಿಕೊಂಡರು. ಇಂಟರ್‌ನೆಟ್‌ನ ಪೂರ್ವಜ ಎನ್ನಬಹುದಾದ ಆರ್ಪಾನೆಟ್ ಜಾಲದ ಮೂಲಕ ಬೇರೆ ಊರಿನವರೂ ಅದನ್ನು ನೋಡಬಹುದಾಗಿತ್ತು. ಬೇರೆ ಊರಿನವರಿಗೆ ಆ ಬಾಟಲಿಯಿಂದ ಏನು ಪ್ರಯೋಜನವೋ ಗೊತ್ತಿಲ್ಲ!

1991ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಇದೇ ಕಥೆ ಕಾಫಿಯ ರೂಪದಲ್ಲಿ ಮರುಕಳಿಸಿತು. ಅಲ್ಲಿನ ಗಣಕ ಪ್ರಯೋಗಾಲಯದ ಟ್ರೋಜನ್ ರೂಮ್ ಎಂಬ ಕೋಣೆಯ ಹೊರಗೆ ಕಾಫಿ ಪಾತ್ರೆ ಇತ್ತು. ಬೇರೆ ಮಹಡಿಗಳಲ್ಲಿದ್ದವರು ಮೆಟ್ಟಿಲಿಳಿದು ಬಂದು ಖಾಲಿ ಪಾತ್ರೆ ನೋಡಿ ಹಿಂದಿರುಗುತ್ತಿದ್ದರು. ಕ್ವೆಂಟಿನ್ ಸ್ಟಾಫರ್ಡ್ ಫ್ರೇಜರ್ ಮತ್ತು ಪಾಲ್ ಜಾರ್ಡೆಟ್ಸ್‌ಕಿ ಎಂಬ ಸಂಶೋಧಕರು ಪಾತ್ರೆಯ ಎದುರು ಒಂದು ಕ್ಯಾಮೆರಾ ಇಟ್ಟು, ಅದರ ಪುಟ್ಟ ಕಪ್ಪುಬಿಳುಪು ಚಿತ್ರ ಎಲ್ಲರ ಗಣಕದಲ್ಲೂ ಕಾಣುವಂತೆ ಮಾಡಿದರು. 1993ರಲ್ಲಿ ಆ ಚಿತ್ರ ವರ್ಲ್ಡ್ ವೈಡ್ ವೆಬ್ ಸೇರಿತು. 2001ರ ಆಗಸ್ಟ್ 22ರಂದು ಕ್ಯಾಮೆರಾ ಆರಿಸುವವರೆಗೆ ಜಗತ್ತಿನಾದ್ಯಂತ ಲಕ್ಷಾಂತರ ಜನ ಆ ಕಾಫಿ ಪಾತ್ರೆಯ 'ದರ್ಶನ' ಪಡೆದರು.

ಇಲ್ಲಿ ಒಂದು ಸಂಗತಿಯನ್ನು ನೀವು ಗಮನಿಸಬೇಕು. ಕೋಕ್ ಯಂತ್ರಕ್ಕೂ ಕಾಫಿ ಕ್ಯಾಮೆರಾಕ್ಕೂ ಬೀಗ ಇರಲಿಲ್ಲ. ಬೀಗ ಬೇಕೂ ಇರಲಿಲ್ಲ, ಕಾಫಿ ಪಾತ್ರೆಗೆ ಯಾವ ಗುಟ್ಟು? ಆದರೆ 'ವಸ್ತುಗಳ ಅಂತರ್ಜಾಲ' ಎಂದು ನಾವು ಕರೆಯುವ ಜಾಲ, ಅಂದರೆ 1999ರಲ್ಲಿ ಕೆವಿನ್ ಆಶ್ಟನ್ ಎಂಬ ಬ್ರಿಟಿಷ್ ತಂತ್ರಜ್ಞ ಇಂಗ್ಲಿಷಿನಲ್ಲಿ ಹೆಸರಿಟ್ಟ ಜಾಲ, ಹುಟ್ಟಿದ್ದು ಇಂಥ ಗೆಳೆಯರ ಕೋಣೆಗಳಲ್ಲಿ. ಎಲ್ಲರೂ ಪರಿಚಿತರು, ಕಳ್ಳನೆಂಬವನಿಲ್ಲ. ಅದೇ ಸಲುಗೆಯ ಅಭ್ಯಾಸದೊಡನೆ ಕ್ಯಾಮೆರಾ ಪ್ರಯೋಗಾಲಯದಿಂದ ಹೊರಟು ಅಂಗಡಿಗೆ, ಆಸ್ಪತ್ರೆಗೆ, ತೊಟ್ಟಿಲ ಪಕ್ಕಕ್ಕೆ ಬಂದು ನಿಂತಿತು. ಬೀಗ ಮಾತ್ರ ಜೊತೆಗೆ ಬರಲಿಲ್ಲ.

ಅಪಾಯ ಯಾವ ರೂಪದ್ದೆಂಬ ಮೊದಲ ಸೂಚನೆ 2000ದಲ್ಲೇ ಸಿಕ್ಕಿತ್ತು. ಆಸ್ಟ್ರೇಲಿಯಾದ ಮರೂಚಿ ಎಂಬ ಪ್ರದೇಶದಲ್ಲಿ ಒಳಚರಂಡಿಯ ಪಂಪುಗಳು ರೇಡಿಯೋ ಸಂಕೇತಗಳಿಂದ ನಡೆಯುತ್ತಿದ್ದವು. ಆ ವ್ಯವಸ್ಥೆಯನ್ನು ಅಳವಡಿಸಿದ ಕಂಪನಿಯಲ್ಲಿ ದುಡಿದಿದ್ದ ಒಬ್ಬಾತನಿಗೆ ಸ್ಥಳೀಯ ಆಡಳಿತದಲ್ಲಿ ನೌಕರಿ ಸಿಗಲಿಲ್ಲ. ಸಿಟ್ಟಾದ ಆತ ಕಾರಿನಲ್ಲಿ ರೇಡಿಯೋ ಉಪಕರಣ ಇಟ್ಟುಕೊಂಡು ಪಂಪುಗಳಿಗೆ ತಾನೇ ಆಜ್ಞೆ ಕೊಡತೊಡಗಿದ. ಸುಮಾರು 8 ಲಕ್ಷ ಲೀಟರ್ ಕೊಳಚೆ ನೀರು ಉದ್ಯಾನಗಳಿಗೆ, ಹಳ್ಳಗಳಿಗೆ ಹರಿಯಿತು, ಜಲಚರಗಳು ಸತ್ತವು. 2001ರಲ್ಲಿ ಆತನಿಗೆ ಎರಡು ವರ್ಷ ಜೈಲಾಯಿತು. ಪಂಪಿನ ತಪ್ಪು ಏನು? ಆಜ್ಞೆ ಕೊಟ್ಟವರು ಯಾರೆಂದು ಅದು ಕೇಳಲಿಲ್ಲ, ಅಷ್ಟೇ.

2012ರ ಜನವರಿಯಲ್ಲಿ ಅಮೆರಿಕದಲ್ಲಿ ಸುಮಾರು 700 ಮನೆ ಕ್ಯಾಮೆರಾಗಳ ದೃಶ್ಯ ಬಯಲಾಯಿತು. ಕಂಪನಿ ಟ್ರೆಂಡ್‌ನೆಟ್. ಮನೆಯವರು ಪಾಸ್‌ವರ್ಡ್ ಹಾಕಿದ್ದರೂ ಸಾಫ್ಟ್‌ವೇರಿನ ದೋಷದಿಂದ ಅದು ಲೆಕ್ಕಕ್ಕೇ ಬಂದಿರಲಿಲ್ಲ. ಮಲಗಿದ್ದ ಹಸುಗೂಸುಗಳನ್ನು, ಆಡುವ ಮಕ್ಕಳನ್ನು ಯಾರು ಬೇಕಾದರೂ ನೋಡಬಹುದಾಗಿತ್ತು. 2013ರಲ್ಲಿ ಅಲ್ಲಿನ ವ್ಯಾಪಾರ ಆಯೋಗ ಆ ಕಂಪನಿಯ ಮೇಲೆ ಕ್ರಮ ಕೈಗೊಂಡಿತು. ಇಷ್ಟಾದರೂ ಜಗತ್ತು ಎಚ್ಚೆತ್ತುಕೊಳ್ಳಲು ಇನ್ನೂ ಮೂರು ವರ್ಷ ಬೇಕಾಯಿತು.

2016ರ ಆಗಸ್ಟ್ ತಿಂಗಳಲ್ಲಿ 'ಮಿರಾಯ್' ಎಂಬ ದುಷ್ಟ ತಂತ್ರಾಂಶ ಕಾಣಿಸಿಕೊಂಡಿತು. ಜಪಾನಿ ಭಾಷೆಯಲ್ಲಿ ಆ ಪದಕ್ಕೆ 'ಭವಿಷ್ಯ' ಎಂದರ್ಥ. ಇದರ ಕೆಲಸದ ವಿಧಾನವನ್ನು ಕೇಳಿದರೆ ನಿಮಗೆ ನಗು ಬರಬಹುದು. ಒಂದು ಬಡಾವಣೆಯಲ್ಲಿ ಸಾವಿರ ಮನೆಗಳಿವೆ, ಬೀಗ ಮಾಡಿದ ಕಾರ್ಖಾನೆ ಎಲ್ಲಕ್ಕೂ ಒಂದೇ ಬಗೆಯ ಕೀಲಿ ಕೊಟ್ಟಿದೆ, ಯಾರೂ ಕೀಲಿ ಬದಲಿಸಿಲ್ಲ ಎಂದುಕೊಳ್ಳಿ. ಕಳ್ಳನಿಗೆ ಕನ್ನ ಕೊರೆಯುವ ಕಷ್ಟವೇ ಇಲ್ಲ. ಮಿರಾಯ್‌ನ ಜೇಬಿನಲ್ಲಿದ್ದದ್ದು ಅಂಥ ಅರವತ್ತು ಚಿಲ್ಲರೆ ಕೀಲಿಗಳು, ಅಂದರೆ ಕ್ಯಾಮೆರಾ, ರೌಟರ್, ದೃಶ್ಯ ಮುದ್ರಿಸಿಡುವ ಡಿ.ವಿ.ಆರ್. ಪೆಟ್ಟಿಗೆಗಳಿಗೆ ಕಾರ್ಖಾನೆಯವರೇ ಇಟ್ಟ ಹೆಸರು ಮತ್ತು ಪಾಸ್‌ವರ್ಡುಗಳ ಒಂದು ಪಟ್ಟಿ. 'ಅಡ್ಮಿನ್, ಅಡ್ಮಿನ್', 'ರೂಟ್, 12345' ಎಂಬಂಥವು. ಇಂಟರ್‌ನೆಟ್‌ನ ವಿಳಾಸಗಳನ್ನು ಒಂದೊಂದಾಗಿ ತಟ್ಟುತ್ತಾ, ಪಟ್ಟಿಯ ಕೀಲಿಗಳನ್ನು ಹಾಕಿ ನೋಡುತ್ತಾ ಅದು ಮುಂದುವರಿಯಿತು. ಮೊದಲ 20 ಗಂಟೆಗಳಲ್ಲಿ ಸುಮಾರು 65 ಸಾವಿರ ಸಾಧನಗಳು ಅದರ ವಶವಾದವು. ಒಂದು ಹಂತದಲ್ಲಿ ಈ ಸಂಖ್ಯೆ 6 ಲಕ್ಷ ಮುಟ್ಟಿತ್ತೆಂದು 2017ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ.

ಸಾಧನದ ಒಡೆಯನಿಗೆ ಏನೂ ತಿಳಿಯುತ್ತಿರಲಿಲ್ಲ. ಕ್ಯಾಮೆರಾ ಎಂದಿನಂತೆ ಚಿತ್ರ ತೋರಿಸುತ್ತಿತ್ತು. ಹಿಂದಿನಿಂದ ಮಾತ್ರ ಇನ್ನೊಬ್ಬನ ಸೈನಿಕನಾಗಿ ದುಡಿಯುತ್ತಿತ್ತು. ವಿದ್ಯುತ್ ಆರಿಸಿ ಮತ್ತೆ ಹಾಕಿದರೆ ತಂತ್ರಾಂಶ ಅಳಿಸಿಹೋಗುತ್ತಿತ್ತು, ಆದರೆ ಕೀಲಿ ಬದಲಿಸದಿದ್ದರೆ ಸ್ವಲ್ಪ ಹೊತ್ತಿನಲ್ಲೇ ಅದು ಮರಳಿ ಬರುತ್ತಿತ್ತು. ಕೆಲವು ಅಗ್ಗದ ಸಾಧನಗಳಲ್ಲಂತೂ ಕೀಲಿ ಬದಲಿಸುವ ವ್ಯವಸ್ಥೆಯೇ ಇರಲಿಲ್ಲ.

ಈ ಸೈನ್ಯ ಮಾಡುತ್ತಿದ್ದ ದಾಳಿ ಸರಳವಾದದ್ದು. ನಮ್ಮೂರಿನ ಪಡಿತರ ಅಂಗಡಿಯ ಮುಂದೆ ಅಕ್ಕಿ ಬೇಡದ ಹತ್ತು ಸಾವಿರ ಜನ ಬಂದು ಸಾಲು ನಿಂತರೆ, ನಿಜವಾಗಿ ಅಕ್ಕಿ ಬೇಕಾದವನು ಬಾಗಿಲು ತಲುಪಲಾರ. ಹಾಗೆ. 2016ರ ಸೆಪ್ಟೆಂಬರ್ 20ರಂದು ಬ್ರಯಾನ್ ಕ್ರೆಬ್ಸ್ ಎಂಬ ಪತ್ರಕರ್ತರ ಜಾಲತಾಣದ ಮೇಲೆ ಸೆಕೆಂಡಿಗೆ ಸುಮಾರು 620 ಗಿಗಾಬಿಟ್ ದತ್ತಾಂಶ ಸುರಿಯಿತು. ಸೈಬರ್ ಅಪರಾಧಗಳ ಬಗ್ಗೆ ಬರೆಯುವುದೇ ಅವರು ಮಾಡಿದ 'ತಪ್ಪು'. ತಿಂಗಳ ಕೊನೆಗೆ ಮಿರಾಯ್ ನಿರ್ಮಿಸಿದವರು ಅದರ ಮೂಲ ಸಂಕೇತವನ್ನು ಸಾರ್ವಜನಿಕವಾಗಿ ಎಸೆದುಬಿಟ್ಟರು. ಬೇರೆಯವರು ಅದನ್ನು ಎತ್ತಿಕೊಂಡರು. ಅಕ್ಟೋಬರ್ 21ರಂದು 'ಡಿನ್' ಎಂಬ ಕಂಪನಿಯ ಮೇಲೆ ದಾಳಿಯಾಗಿ ಟ್ವಿಟರ್, ನೆಟ್‌ಫ್ಲಿಕ್ಸ್, ರೆಡ್ಡಿಟ್ ಮುಂತಾದವು ಅಮೆರಿಕದ ಹಲವೆಡೆ ಗಂಟೆಗಟ್ಟಲೆ ತೆರೆಯಲಿಲ್ಲ. ಜಾಲತಾಣಗಳ ಹೆಸರನ್ನು ಅಂಕಿಯ ವಿಳಾಸಕ್ಕೆ ಪರಿವರ್ತಿಸಿಕೊಡುವುದು ಆ ಕಂಪನಿಯ ಕೆಲಸವಾಗಿತ್ತು. ದಾರಿ ತೋರಿಸುವವನ ಬಾಯಿ ಕಟ್ಟಿದರೆ ಊರು ಇದ್ದೂ ಇಲ್ಲದಂತೆ.

ಇಷ್ಟು ದೊಡ್ಡ ಕೇಡಿನ ಹಿಂದೆ ಯಾವ ಶತ್ರು ರಾಷ್ಟ್ರವಿತ್ತು ಎಂದು ಎಲ್ಲರೂ ಊಹಿಸುತ್ತಿದ್ದರು. 2017ರ ಡಿಸೆಂಬರ್‌ನಲ್ಲಿ ತಪ್ಪೊಪ್ಪಿಕೊಂಡವರು ಇಪ್ಪತ್ತು, ಇಪ್ಪತ್ತೊಂದರ ಹರೆಯದ ಮೂವರು ಅಮೆರಿಕನ್ ಯುವಕರು, ಅವರಲ್ಲಿ ಒಬ್ಬ ಕಾಲೇಜು ವಿದ್ಯಾರ್ಥಿಯಾಗಿದ್ದವನು. ಮೈನ್‌ಕ್ರಾಫ್ಟ್ ಎಂಬ ಆಟದ ಸರ್ವರ್‌ಗಳ ವ್ಯಾಪಾರದ ಪೈಪೋಟಿಯಿಂದ ಇದೆಲ್ಲ ಹುಟ್ಟಿತ್ತು! ಮುಂದೆ ಅವರು ತನಿಖಾ ಸಂಸ್ಥೆಗೆ ನೆರವಾದರು. 2018ರಲ್ಲಿ ನ್ಯಾಯಾಲಯ ಅವರಿಗೆ ಜೈಲಿನ ಬದಲು ಐದು ವರ್ಷಗಳ ನಿಗಾ ಮತ್ತು 2,500 ಗಂಟೆಗಳ ಸಮುದಾಯ ಸೇವೆಯನ್ನು ವಿಧಿಸಿತು. ವಿದ್ಯಾರ್ಥಿಗಳಿಗೆ ಈ ಭಾಗವನ್ನು ನಾನು ತರಗತಿಯಲ್ಲಿ ಎರಡು ಸಲ ಹೇಳುತ್ತೇನೆ.

ಕಾನೂನು ನಿಧಾನವಾಗಿ ಹಿಂದಿನಿಂದ ಬಂತು. ಕ್ಯಾಲಿಫೋರ್ನಿಯಾದಲ್ಲಿ 2020ರ ಜನವರಿ 1ರಿಂದ, ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ ಎಲ್ಲ ಸಾಧನಗಳಿಗೂ ಒಂದೇ ಪಾಸ್‌ವರ್ಡ್ ಕೊಟ್ಟು ಮಾರುವುದಕ್ಕೆ ತಡೆ ಬಿತ್ತು. ಭಾರತ ಸರ್ಕಾರ ಸಿ.ಸಿ. ಕ್ಯಾಮೆರಾಗಳಿಗೆ ಭದ್ರತಾ ಪರೀಕ್ಷೆ ಕಡ್ಡಾಯಗೊಳಿಸಿ 2024ರ ಏಪ್ರಿಲ್‌ನಲ್ಲಿ ಅಧಿಸೂಚನೆ ಹೊರಡಿಸಿತು, ಅದು ಮರುವರ್ಷ ಜಾರಿಗೆ ಬಂತು.

ಇಲ್ಲಿಯವರೆಗೆ ಹೇಳಿದ್ದು ಬೀಗದ ಕಥೆ, ಅಂದರೆ ಭದ್ರತೆಯ ಕಥೆ. ಆದರೆ ನನ್ನ ವಿದ್ಯಾರ್ಥಿ ಕೇಳಿದ್ದು ಬೀಗದ ಬಗ್ಗೆ ಅಲ್ಲ. ಕೀಲಿ ಯಾರ ಕೈಯಲ್ಲಿದೆ ಎಂದು ಅವನು ಕೇಳಿದ್ದ. ಅದು ಖಾಸಗಿತನದ ಪ್ರಶ್ನೆ. ಬೀಗ ಎಷ್ಟೇ ಗಟ್ಟಿಯಾಗಿದ್ದರೂ ಕೀಲಿ ಹಿಡಿದವನೇ ಕೇಳದೆ ಒಳಬಂದರೆ ಏನು ಮಾಡುವುದು?

ನಮ್ಮ ಓದುಗರಿಗೆ ಈ ಪ್ರಶ್ನೆ ಹೊಸದಲ್ಲ. ಪವಿತ್ರ ಕುರ್‌ಆನಿನ ಅನ್ನೂರ್ ಅಧ್ಯಾಯದಲ್ಲಿ ಇತರರ ಮನೆಗೆ ಅನುಮತಿ ಪಡೆಯದೆ, ಸಲಾಂ ಹೇಳದೆ ಪ್ರವೇಶಿಸಬಾರದೆಂಬ ಆದೇಶವಿದೆ. ಹಿಂದಿರುಗಿ ಎಂದರೆ ಬೇಸರಪಡದೆ ಹಿಂದಿರುಗಬೇಕು. ಮದರಸಾದಲ್ಲಿ ಇದನ್ನು 'ಇಸ್ತಿಅ್‌ಝಾನ್' ಎಂದು ನಾವು ಕಲಿತಿದ್ದೇವೆ. ಅಲ್‌ಹುಜುರಾತ್ ಅಧ್ಯಾಯದಲ್ಲಿ ಇತರರ ಗುಟ್ಟು ಕೆದಕುವುದನ್ನು ನಿಷೇಧಿಸಲಾಗಿದೆ. ಅಲ್ಲಿ ಬಳಕೆಯಾದ ಕ್ರಿಯಾಪದದ ಧಾತುವಿನಿಂದಲೇ ಉರ್ದುವಿನ 'ಜಾಸೂಸ್' ಎಂಬ ಪದ ಬಂದಿದೆ. ಇನ್ನೊಂದು ಪದದ ಕಥೆ ಇನ್ನೂ ಸ್ವಾರಸ್ಯಕರ. ಉರ್ದುವಿನಲ್ಲಿ 'ಅಮಾನತ್' ಎಂದರೆ ನಂಬಿ ಒಪ್ಪಿಸಿದ ವಸ್ತು, ಅದನ್ನು ಮುಟ್ಟದೆ ಕಾಪಾಡಿ ಹಿಂದಿರುಗಿಸಬೇಕು. ಅದೇ ಪದ ಕನ್ನಡದ ಕಚೇರಿಗಳಿಗೆ ಬಂದು 'ಅಮಾನತು' ಆಗಿ ನೌಕರರನ್ನು ಮನೆಗೆ ಕಳಿಸುವ ಆದೇಶವಾಗಿಬಿಟ್ಟಿದೆ! ನಮ್ಮ ದೃಶ್ಯ, ನಮ್ಮ ದನಿ, ನಾವು ಓಡಾಡಿದ ಜಾಗದ ವಿವರ ಇನ್ನೊಬ್ಬರ ಕೈಗೆ ಹೋದಾಗ ಅದು ಅಮಾನತ್. ಕೀಲಿ ಹಿಡಿದವರು ಅದನ್ನು ಹಾಗೆ ಕಂಡರೇ ಎಂಬುದಕ್ಕೆ ಎರಡು ಉದಾಹರಣೆ ಕೊಡುತ್ತೇನೆ. ಎರಡೂ ಮುಸ್ಲಿಮರಿಗೆ ಸಂಬಂಧಿಸಿದವು.

ಮೊದಲನೆಯದು ಮಿರಾಯ್‌ಗಿಂತ ಆರು ವರ್ಷ ಹಿಂದಿನದು, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ್ದು. ಅಲ್ಲಿನ ಸ್ಪಾರ್ಕ್‌ಬ್ರೂಕ್ ಮತ್ತು ವಾಶ್‌ವುಡ್ ಹೀತ್ ಪ್ರದೇಶಗಳಲ್ಲಿ ಮುಸ್ಲಿಮರು ದೊಡ್ಡ ಸಂಖ್ಯೆಯಲ್ಲಿ ವಾಸಿಸುತ್ತಾರೆ. 2010ರಲ್ಲಿ ಆ ಬೀದಿಗಳಲ್ಲಿ ಕ್ಯಾಮೆರಾ ಕಂಬಗಳು ಏಳತೊಡಗಿದವು. ಕಳ್ಳತನ, ಪುಂಡಾಟಿಕೆ ತಡೆಯಲು ಎಂದು ಜನರಿಗೆ ಹೇಳಲಾಯಿತು. ಜನರೂ ಒಪ್ಪಿದರು, ಕಳ್ಳತನ ಯಾರಿಗೆ ಬೇಕು? ಆದರೆ ಕಂಬಗಳ ಸಂಖ್ಯೆ ನೋಡಿ ಕೆಲವರಿಗೆ ಅನುಮಾನ ಬಂತು. ಬಡಾವಣೆಯಿಂದ ಹೊರಹೋಗುವ, ಒಳಬರುವ ದಾರಿಗಳಲ್ಲೆಲ್ಲ ವಾಹನಗಳ ನಂಬರ್ ಪ್ಲೇಟ್ ತಾನಾಗಿ ಓದುವ ಕ್ಯಾಮೆರಾಗಳಿದ್ದವು. ಒಟ್ಟು 218 ಕ್ಯಾಮೆರಾಗಳು, ಅವುಗಳಲ್ಲಿ 72 ಕಣ್ಣಿಗೆ ಬೀಳದಂತೆ ಅಡಗಿಸಿಡಬೇಕಾದವು. 2010ರ ಜೂನ್‌ನಲ್ಲಿ ಗಾರ್ಡಿಯನ್ ಪತ್ರಿಕೆ ನಿಜ ಸಂಗತಿಯನ್ನು ಹೊರಗೆಡವಿತು. ಸುಮಾರು 30 ಲಕ್ಷ ಪೌಂಡ್‌ಗಳ ಆ ಹಣ ಬಂದಿದ್ದು ಭಯೋತ್ಪಾದನೆ ನಿಗ್ರಹದ ನಿಧಿಯಿಂದ. ಯೋಜನೆಗೆ 'ಪ್ರಾಜೆಕ್ಟ್ ಚಾಂಪಿಯನ್' ಎಂದು ಹೆಸರು.

ಹಾಲು ತರಲು ಹೋದವನು, ಮಗಳನ್ನು ಶಾಲೆಗೆ ಬಿಟ್ಟವನು, ಫಜ್ರ್ ನಮಾಝಿಗೆ ಹೊರಟವನು, ಎಲ್ಲರ ಗಾಡಿಯೂ ಒಂದೇ ಜರಡಿಯಲ್ಲಿ ಸೋಸಿಹೋಗುವ ಏರ್ಪಾಡು ಅದು. ಯಾರೋ ಒಬ್ಬನ ಮೇಲೆ ಸಂಶಯವಿದ್ದರೆ ಕಾನೂನಿನಂತೆ ವಿಚಾರಿಸಲಿ, ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಇಲ್ಲಿ ಇಡೀ ಬಡಾವಣೆಯ ವಿಳಾಸವೇ ಸಂಶಯಕ್ಕೆ ಕಾರಣವಾಗಿತ್ತು. ಜನ ಸಭೆ ಸೇರಿದರು, ಪ್ರತಿಭಟಿಸಿದರು. ಮುಸ್ಲಿಮೇತರ ನೆರೆಯವರೂ ಜೊತೆಗೆ ನಿಂತರು. ಕೆಲಸಕ್ಕೆ ಹಚ್ಚಿಲ್ಲವೆಂದು ಜನರಿಗೆ ಭರವಸೆಯಾಗಲು ಕ್ಯಾಮೆರಾಗಳ ಮೇಲೆ ಪ್ಲಾಸ್ಟಿಕ್ ಚೀಲ ಹೊದಿಸಬೇಕಾಯಿತು. ಬೇರೆ ಜಿಲ್ಲೆಯ ಪೊಲೀಸ್ ಮುಖ್ಯಸ್ಥೆ ಸಾರಾ ಥಾರ್ನ್‌ಟನ್ ವಿಚಾರಣೆ ನಡೆಸಿ, ಅದೇ ವರ್ಷ ಪೊಲೀಸರನ್ನು ಕಟುವಾಗಿ ಟೀಕಿಸುವ ವರದಿ ಕೊಟ್ಟರು. ಪೊಲೀಸರು ಕ್ಷಮೆ ಕೇಳಿದರು. 2011ರಲ್ಲಿ ಕಂಬಗಳನ್ನು ಕೀಳಲಾಯಿತು. ಈ ಇಡೀ ಪ್ರಕರಣದಲ್ಲಿ ಹ್ಯಾಕರ್ ಎಂಬವನು ಎಲ್ಲಿಯೂ ಇಲ್ಲ ಎಂಬುದನ್ನು ನೀವು ಮರೆಯಬಾರದು.

ಎರಡನೆಯ ಉದಾಹರಣೆಯಲ್ಲಿ ಕಂಬ ನೆಡುವ ಶ್ರಮವೂ ಇಲ್ಲ. ನಾವೇ ಕಿಸೆಯಲ್ಲಿಟ್ಟುಕೊಂಡು ತಿರುಗುವ ಮೊಬೈಲ್ ಫೋನ್ ಸೆನ್ಸರ್‌ಗಳ ಒಂದು ಗಂಟು. ದಿಕ್ಕು ತಿಳಿಯಲು ಒಂದು, ಅಲುಗಾಟಕ್ಕೆ ಒಂದು, ಜಾಗ ಗುರುತಿಸಲು ಜಿ.ಪಿ.ಎಸ್. ಇವುಗಳನ್ನು ಬಳಸಿ ನಮಾಝಿನ ಸಮಯ ಮತ್ತು ಕಿಬ್ಲಾ ತೋರಿಸುವ ಆ್ಯಪ್‌ಗಳಿವೆ. ಅವುಗಳಲ್ಲಿ 'ಮುಸ್ಲಿಂ ಪ್ರೋ' ಬಹಳ ಜನಪ್ರಿಯ. 9 ಕೋಟಿ 80 ಲಕ್ಷಕ್ಕೂ ಹೆಚ್ಚು ಸಲ ಡೌನ್‌ಲೋಡ್ ಆಗಿತ್ತು. 2020ರ ನವೆಂಬರ್‌ನಲ್ಲಿ ಅಮೆರಿಕದ 'ಮದರ್‌ಬೋರ್ಡ್' ಪತ್ರಿಕೆ ಒಂದು ವರದಿ ಪ್ರಕಟಿಸಿತು. ಈ ಆ್ಯಪ್ ಬಳಕೆದಾರರ ಸ್ಥಳದ ಮಾಹಿತಿ 'ಎಕ್ಸ್-ಮೋಡ್' ಎಂಬ ಕಂಪನಿಗೆ ಹೋಗುತ್ತಿತ್ತು. ಆ ಕಂಪನಿಯ ಗಿರಾಕಿಗಳಲ್ಲಿ ರಕ್ಷಣಾ ಗುತ್ತಿಗೆದಾರರಿದ್ದರು, ಅವರ ಮೂಲಕ ಅಮೆರಿಕದ ಸೇನೆ ಇತ್ತು. ಓದಿದ ದಿನ ನನಗೆ ಆದ ಸಂಕಟವನ್ನು ಹೇಳಲಾರೆ. ಸಜ್ದಾ ಮಾಡುವ ದಿಕ್ಕು ಕೇಳಿದವನ ವಿಳಾಸ ಸಂತೆಯಲ್ಲಿ ಮಾರಾಟಕ್ಕಿತ್ತು. ಸುದ್ದಿ ಹೊರಬಂದ ತಕ್ಷಣ ಆ್ಯಪ್‌ನವರು ಎಕ್ಸ್-ಮೋಡ್‌ಗೆ ಮಾಹಿತಿ ಕೊಡುವುದನ್ನು ನಿಲ್ಲಿಸುವುದಾಗಿ ಹೇಳಿದರು. 2024ರ ಜನವರಿಯಲ್ಲಿ ಅಮೆರಿಕದ ವ್ಯಾಪಾರ ಆಯೋಗ, ಪ್ರಾರ್ಥನಾ ಸ್ಥಳ, ಆಸ್ಪತ್ರೆಯಂಥ ಸೂಕ್ಷ್ಮ ಜಾಗಗಳ ಮಾಹಿತಿ ಮಾರದಂತೆ ಎಕ್ಸ್-ಮೋಡ್ ಮತ್ತು ಅದರ ಉತ್ತರಾಧಿಕಾರಿ ಕಂಪನಿಯ ಮೇಲೆ ಆದೇಶ ಹೊರಡಿಸಿತು.

ಇಲ್ಲಿ ಒಂದು ಲೆಕ್ಕ ನೋಡಿ. ನಮಾಝಿನ ಸಮಯ ನಿರ್ಧಾರವಾಗುವುದು ಸೂರ್ಯನ ಸ್ಥಾನದಿಂದ. ಒಂದು ಊರಿನೊಳಗೆ ಈ ಬೀದಿಗೂ ಆ ಬೀದಿಗೂ ಅದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಊರಿನ ಹೆಸರೊಂದನ್ನು ಕೊಟ್ಟರೆ ಸಾಕು. ಹದಿನಾಲ್ಕನೆಯ ಶತಮಾನದಲ್ಲಿ ದಮಾಸ್ಕಸ್‌ನ ಉಮಯ್ಯದ್ ಮಸೀದಿಯಲ್ಲಿ ಇಬ್ನ್ ಅಶ್ಶಾತಿರ್ ಎಂಬ ಖಗೋಳ ವಿದ್ವಾಂಸರು 'ಮುವಕ್ಕಿತ್' ಆಗಿದ್ದರು, ಅಂದರೆ ಸಮಯ ನಿರ್ಣಯಿಸುವ ಅಧಿಕಾರಿ. ಅಲ್ಲಿನ ಮಿನಾರಿಗೆಂದು ಅವರು 1371ರ ಸುಮಾರಿಗೆ ರಚಿಸಿದ ನೆರಳು ಗಡಿಯಾರ ಪ್ರಸಿದ್ಧವಾದುದು. ಅದು ಇಡೀ ಊರಿಗೆ ಹೊತ್ತು ಹೇಳುತ್ತಿತ್ತು, ಹೊತ್ತು ಕೇಳಿದವರು ಯಾರೆಂದು ಬರೆದಿಟ್ಟುಕೊಳ್ಳುತ್ತಿರಲಿಲ್ಲ.

"ಮಾಹಿತಿಯನ್ನೆಲ್ಲ ಗೂಢಲಿಪಿಯಲ್ಲಿ ಕಳಿಸಿದರೆ ಆಯಿತಲ್ಲ" ಎಂದು ವಿಜ್ಞಾನದ ವಿದ್ಯಾರ್ಥಿಗಳು ಕೇಳಬಹುದು. ಒಳ್ಳೆಯ ಪ್ರಶ್ನೆ. ಉತ್ತರಕ್ಕೆ ಒಂಬತ್ತನೆಯ ಶತಮಾನದ ಬಗ್ದಾದಿಗೆ ಹೋಗಬೇಕು. ಗೂಢಲಿಪಿಯನ್ನು ಕ್ರಮಬದ್ಧವಾಗಿ ಒಡೆಯುವ ವಿಧಾನವನ್ನು ವಿವರಿಸುವ, ನಮಗೆ ತಿಳಿದಿರುವ ಅತಿ ಹಳೆಯ ಗ್ರಂಥ ಬರೆದವರು ಅಲ್‌ಕಿಂದಿ. ಅವರ ಉಪಾಯ ಎಣಿಕೆ. ಯಾವುದೇ ಭಾಷೆಯಲ್ಲಿ ಕೆಲವು ಅಕ್ಷರ ಹೆಚ್ಚು ಬರುತ್ತವೆ, ಅರಬಿಯಲ್ಲಿ ಅಲಿಫ್ ಮತ್ತು ಲಾಮ್ ಹಾಗೆ. ಗುಪ್ತಪತ್ರದಲ್ಲಿ ಯಾವ ಚಿಹ್ನೆ ಹೆಚ್ಚು ಸಲ ಬಂದಿದೆ ಎಂದು ಎಣಿಸಿ ಹೊಂದಿಸುತ್ತಾ ಹೋದರೆ ಮುಚ್ಚಿದ ಮಾತು ತೆರೆದುಕೊಳ್ಳುತ್ತದೆ. ಈಗಿನ ಗೂಢಲಿಪಿಗಳು ಈ ಎಣಿಕೆಗೆ ಬಗ್ಗುವುದಿಲ್ಲ, ನಿಜ. ಆದರೆ 2017ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು ಬೇರೊಂದನ್ನು ಎಣಿಸಿದರು. ನಿದ್ರೆ ಅಳೆಯುವ ಸಾಧನ, ಮನೆಯ ಕ್ಯಾಮೆರಾ, ಸ್ವಿಚ್, ಮಾತು ಕೇಳುವ ಸ್ಪೀಕರ್ ಇವು ಹೊರಗೆ ಕಳಿಸುವ ದತ್ತಾಂಶದ ಪ್ರಮಾಣವನ್ನಷ್ಟೇ ನೋಡಿದರು. ಒಳಗಿನ ಒಂದಕ್ಷರವನ್ನೂ ಓದಲಿಲ್ಲ. ಆದರೂ ಮನೆಯಾತ ಎಷ್ಟು ಹೊತ್ತಿಗೆ ಮಲಗಿದ, ಎದ್ದ ಎಂಬುದು ಹೊರಗಿನಿಂದಲೇ ಊಹಿಸುವಂತಿತ್ತು. ಲಕೋಟೆ ಅಂಟಿಸಿದ್ದರೇನು, ಅಂಚೆಯವನು ಆ ಮನೆಗೆ ಎಷ್ಟು ಹೊತ್ತಿಗೆ ಎಷ್ಟು ಕಾಗದ ಹೋಗುತ್ತವೆಂದು ಬಲ್ಲ. ಅಲ್‌ಕಿಂದಿಯವರು ಇದನ್ನು ಕೇಳಿದ್ದರೆ ತಲೆದೂಗುತ್ತಿದ್ದರೇನೋ.

ಹಾಗಾದರೆ ಬಾಗಿಲು ತಟ್ಟುವುದನ್ನು ಕಡ್ಡಾಯ ಮಾಡಬಲ್ಲದ್ದು ಕಾನೂನು. ನಮ್ಮ ದೇಶದಲ್ಲಿ ಈ ಕಾನೂನಿನ ಕಥೆ ಅಕ್ಷರಶಃ ಬಾಗಿಲು ತಟ್ಟುವುದರಿಂದಲೇ ಮುಂದುವರಿಯಿತು. ಉತ್ತರ ಪ್ರದೇಶದ ಖರಕ್ ಸಿಂಗ್ ಎಂಬವರನ್ನು 1941ರಲ್ಲಿ ಡಕಾಯಿತಿಯ ಆರೋಪದಲ್ಲಿ ಹಿಡಿದು, ಸಾಕ್ಷ್ಯವಿಲ್ಲದ್ದರಿಂದ ಬಿಡಲಾಗಿತ್ತು. ಆದರೂ ಪೊಲೀಸರು ಅವರ ಹೆಸರಿನಲ್ಲಿ ಕಡತ ತೆರೆದು, ನಡುರಾತ್ರಿ ಬಂದು ಬಾಗಿಲು ಬಡಿದು ಎಬ್ಬಿಸುತ್ತಿದ್ದರು. ಅವರು ಸುಪ್ರೀಂ ಕೋರ್ಟಿಗೆ ಹೋದರು. 1962ರ ಡಿಸೆಂಬರ್‌ನಲ್ಲಿ ತೀರ್ಪು ಬಂತು. ರಾತ್ರಿಯ ಭೇಟಿಗಳು ತಪ್ಪು ಎಂದ ನ್ಯಾಯಾಲಯ, ಖಾಸಗಿತನ ಸಂವಿಧಾನ ಕೊಟ್ಟ ಹಕ್ಕಲ್ಲ ಎಂದೂ ಬಹುಮತದಿಂದ ಹೇಳಿಬಿಟ್ಟಿತು. ನ್ಯಾಯಮೂರ್ತಿ ಸುಬ್ಬರಾವ್ ಅವರು ಮತ್ತೊಬ್ಬ ನ್ಯಾಯಮೂರ್ತಿಯೊಡನೆ ಭಿನ್ನಮತ ಬರೆದರು. ಅದಕ್ಕೆ ಮನ್ನಣೆ ಸಿಗಲು ಐವತ್ತೈದು ವರ್ಷ ಕಾಯಬೇಕಾಯಿತು.

ಮನ್ನಣೆ ಸಿಗುವಂತೆ ಮಾಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಅರ್ಜಿ ಸಲ್ಲಿಸಿದಾಗ ಅವರಿಗೆ 86 ವರ್ಷ. ಆ ಪ್ರಕರಣದಿಂದಲೇ ಖಾಸಗಿತನದ ಪ್ರಶ್ನೆ ಒಂಬತ್ತು ನ್ಯಾಯಮೂರ್ತಿಗಳ ಪೀಠದ ಮುಂದೆ ಬಂತು. 2017ರ ಆಗಸ್ಟ್ 24ರಂದು ಒಂಬತ್ತೂ ಜನ ಒಮ್ಮತದಿಂದ, ಖಾಸಗಿತನ ಮೂಲಭೂತ ಹಕ್ಕು ಎಂದರು. ಆ ಪೀಠದಲ್ಲಿ ದಕ್ಷಿಣ ಕನ್ನಡದ ಬೆಳುವಾಯಿಯವರಾದ ನ್ಯಾಯಮೂರ್ತಿ ಎಸ್. ಅಬ್ದುಲ್ ನಝೀರ್ ಅವರೂ ಇದ್ದರು. ಹಕ್ಕು ನಿರಂಕುಶವಲ್ಲ, ಆದರೆ ಅದನ್ನು ಮೊಟಕುಗೊಳಿಸಲು ಕಾನೂನಿನ ಆಧಾರ ಬೇಕು, ನ್ಯಾಯವಾದ ಉದ್ದೇಶ ಬೇಕು, ಉದ್ದೇಶಕ್ಕೆ ತಕ್ಕಷ್ಟೇ ಮಿತಿ ಇರಬೇಕು ಎಂದಿತು ತೀರ್ಪು. ಬರ್ಮಿಂಗ್‌ಹ್ಯಾಮಿನ ಕಂಬಗಳನ್ನು ಈ ಅಳತೆಯಲ್ಲಿ ಒಮ್ಮೆ ಅಳೆದು ನೋಡಿ. ಪುಟ್ಟಸ್ವಾಮಿಯವರು 2024ರಲ್ಲಿ ನಿಧನರಾದರು. ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆ 2023ರಲ್ಲಿ ಬಂತು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಸರ್ಕಾರಕ್ಕೆ ಅದರಲ್ಲಿ ಕೊಟ್ಟಿರುವ ವಿನಾಯಿತಿಗಳು ಹೆಚ್ಚಾದವೆಂಬ ಟೀಕೆ ಇದೆ. ನನಗೂ ಹಾಗೆಯೇ ಅನಿಸುತ್ತದೆ.

ಇನ್ನು ನಮ್ಮ ಶಾಲೆಯ ವಿಷಯ. ಮಿರಾಯ್ ಬಗ್ಗೆ ಓದಿದ ಮರುದಿನ ನಾನು ಹೆಡ್‌ಮಾಸ್ಟರ ಕೊಠಡಿಗೆ ಹೋಗಿ ಡಿ.ವಿ.ಆರ್. ಪೆಟ್ಟಿಗೆ ನೋಡಿದೆ. ಮೇಲೆ ಒಂದು ಚೀಟಿ ಅಂಟಿಸಿತ್ತು. ಹೆಸರು ಅಡ್ಮಿನ್, ಪಾಸ್‌ವರ್ಡ್ ಒಂದರಿಂದ ಆರರವರೆಗಿನ ಅಂಕಿಗಳು. ಕ್ಯಾಮೆರಾ ಹಾಕಿದ ಯುವಕನಿಗೆ ಫೋನ್ ಮಾಡಿದೆವು. ಒಳ್ಳೆಯ ಹುಡುಗ, ಸಂಜೆಯೇ ಬಂದು ಬದಲಿಸಿಕೊಟ್ಟ. ಹೋಗುವಾಗ, "ಸರ್ವಿಸ್‌ಗೆ ಸುಲಭ ಆಗ್ಲಿ ಅಂತ ನನ್ನ ಮೊಬೈಲಲ್ಲೂ ಹಾಕ್ಕೊಂಡಿದ್ದೆ ಸಾರ್, ಈಗ ಅದು ಬರಲ್ಲ, ಮತ್ತೆ ಹಾಕ್ಕೊಳ್ಲಾ?" ಎಂದು ಕೇಳಿದ. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ನಮ್ಮ ಹೆಣ್ಣುಮಕ್ಕಳ ತರಗತಿಗಳೂ ಸೇರಿ ಅಷ್ಟೂ ಕ್ಯಾಮೆರಾಗಳು ಅಷ್ಟು ದಿನ ಅವನ ಮೊಬೈಲಿನಲ್ಲಿದ್ದವು. ಬೇಡ ಎಂದೆವು. ಮುಂದಿನ ವಾರ ತರಗತಿಯೊಳಗಿನ ಕ್ಯಾಮೆರಾಗಳು ಬೇಕೇ ಎಂಬ ಬಗ್ಗೆ ಪೋಷಕರ ಸಭೆ ಕರೆಯಲಾಯಿತು. ಎರಡು ಗಂಟೆ ಚರ್ಚೆ ನಡೆದು, ವರಾಂಡ ಮತ್ತು ಗೇಟಿನವು ಮಾತ್ರ ಉಳಿಯಲಿ ಎಂದಾಯಿತು.

ಮರುದಿನ ಆ ಹುಡುಗನನ್ನು ಕರೆದು ಇಷ್ಟನ್ನೂ ಹೇಳಿದೆ.

"ಹಾಗಾದ್ರೆ ಇಷ್ಟು ದಿನ ಅವರೂ ನೋಡ್ತಿದ್ರಾ ಸರ್?"

"ನೋಡಬಹುದಾಗಿತ್ತು" ಎಂದೆ.